ಎಳೆಯರಿಗೊಂದು ವಾಹಿನಿ, ಬೆಳೆದ ಮಕ್ಕಳಿಗೆ ಇನ್ನೊಂದು ಬೇಕೆ?

ಮಕ್ಕಳನ್ನು ಕರೆಯುವುದಕ್ಕೆ ನಮ್ಮ ನುಡಿಯಲ್ಲಿ ಒಂದೇ ಹೆಸರಿಲ್ಲ. ತೊಟ್ಟಿಲಿನಲ್ಲಿ ಮಲಗಿರುವುದು ಹಸುಗೂಸು, ಅಂಬೆಗಾಲಿಡುವುದು ಕೂಸು, ತೊದಲು ನುಡಿಯುತ್ತ ಅಂಗಳದಲ್ಲಿ ಆಡುವುದು ಮಗು, ಪುಸ್ತಕದ ಚೀಲ ಹೊತ್ತು ಶಾಲೆಗೆ ಹೊರಟರೆ ಹುಡುಗ, ಹುಡುಗಿ, ಮೀಸೆ ಚಿಗುರುವ ಹೊತ್ತಿಗೆ ಕಿಶೋರ. ನಮ್ಮ ಹಿರಿಯರು ಇಷ್ಟೊಂದು ಹೆಸರುಗಳನ್ನು ಸುಮ್ಮನೆ ಇಟ್ಟವರಲ್ಲ. ಒಂದೊಂದು ವಯಸ್ಸಿನ ಹಸಿವು ಬೇರೆ, ಆಟ ಬೇರೆ, ಅಂಜಿಕೆ ಬೇರೆ ಎಂಬುದನ್ನು ಕಂಡವರೇ ಹೆಸರನ್ನೂ ಬೇರೆ ಮಾಡಿದರು. ಆದರೆ ಟೆಲಿವಿಷನ್ ಕಾರ್ಯಕ್ರಮಗಳ ಪಟ್ಟಿಯನ್ನು ತೆಗೆದು ನೋಡಿದರೆ ಇವರೆಲ್ಲರನ್ನೂ ‘ಮಕ್ಕಳು’ ಎಂಬ ಒಂದೇ ಚೀಲದಲ್ಲಿ ತುಂಬಿರುವುದು ಕಾಣುತ್ತದೆ. ಇದು ಸರಿಯೇ? ಸರಿಯಲ್ಲವಾದರೆ ಒಂದೊಂದು ವಯಸ್ಸಿಗೂ ಒಂದೊಂದು ವಾಹಿನಿಯನ್ನು ತೆರೆಯುವುದು ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಕರ್ತವ್ಯವೇ? ಮನಃಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನನ್ನನ್ನು ಈ ಪ್ರಶ್ನೆ ಬಹುದಿನಗಳಿಂದ ಕಾಡಿದೆ. ನಾನು ಓದಿ ತಿಳಿದಷ್ಟನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ.

ಮೊದಲು ‘ಸಾರ್ವಜನಿಕ ಪ್ರಸಾರ ಸಂಸ್ಥೆ’ ಎಂದರೆ ಏನೆಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಜನರ ಹಣದಿಂದ, ಜನರ ಹಿತಕ್ಕಾಗಿ ನಡೆಯುವ ಸಂಸ್ಥೆಯೇ ಅದು. ಬ್ರಿಟನ್ನಿನ ಬಿ.ಬಿ.ಸಿ.ಗೆ ಮನೆಮನೆಯವರು ಲೈಸೆನ್ಸ್ ಶುಲ್ಕ ಕೊಡುತ್ತಾರೆ. ಜರ್ಮನಿಯಲ್ಲಿ ಪ್ರತಿ ಮನೆಯೂ ವಂತಿಗೆ ಕೊಡುತ್ತದೆ. ಡೆನ್ಮಾರ್ಕಿನಲ್ಲಿ ಈಗ ತೆರಿಗೆಯ ಹಣದಿಂದ ವೆಚ್ಚ ನಡೆಯುತ್ತದೆ. ಖಾಸಗಿ ವಾಹಿನಿಗೆ ಜಾಹೀರಾತುದಾರನೇ ಅನ್ನದಾತ. ಅಲ್ಲಿ ಮಗು ಗಿರಾಕಿ. ಮಿಠಾಯಿಯನ್ನೋ ಆಟಿಕೆಯನ್ನೋ ಬೇಕೆಂದು ಹಟ ಹಿಡಿಯಬಲ್ಲ ವಯಸ್ಸಿಗೆ ಅಲ್ಲಿ ಹೆಚ್ಚಿನ ಬೆಲೆ. ಸಾರ್ವಜನಿಕ ಸಂಸ್ಥೆಗಾದರೋ ಯಾವ ಮಗುವೂ ಗಿರಾಕಿಯಲ್ಲ. ಲಾಭ ತಾರದ ವಯಸ್ಸಿನ ಮಗುವಿಗೂ ಅಲ್ಲಿ ಪಂಕ್ತಿಯಲ್ಲಿ ಎಲೆ ಹಾಕಬೇಕು. ಆದ್ದರಿಂದಲೇ ನಮ್ಮ ಪ್ರಶ್ನೆಯನ್ನು ಈ ಸಂಸ್ಥೆಗಳ ಮುಂದೆ ಇಡುವುದು ನ್ಯಾಯ.

ವಯಸ್ಸಿನ ಭೇದ ನಿಜವಾಗಿಯೂ ಅಷ್ಟು ದೊಡ್ಡದೇ? ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಜಾನ್ ಪಿಯಾಜೆ (1896–1980) ಮಾಡಿ ತೋರಿಸಿದ ಒಂದು ಸರಳ ಪ್ರಯೋಗ ಇದಕ್ಕೆ ಉತ್ತರ ಹೇಳುತ್ತದೆ. ಅಗಲವಾದ ಲೋಟದಲ್ಲಿದ್ದ ನೀರನ್ನು ನಾಲ್ಕು ವರ್ಷದ ಮಗುವಿನ ಕಣ್ಣೆದುರಿಗೇ ಕಿರಿದಾದ ಎತ್ತರದ ಲೋಟಕ್ಕೆ ಸುರಿದರೆ, ನೀರು ಹೆಚ್ಚಾಯಿತೆಂದು ಮಗು ಹೇಳುತ್ತದೆ. ಅದಕ್ಕೆ ಕಂಡದ್ದೇ ಸತ್ಯ. ಎಂಟೊಂಬತ್ತು ವರ್ಷದ ಹುಡುಗನನ್ನು ಕೇಳಿದರೆ ‘ಅಷ್ಟೇ ನೀರು, ಲೋಟ ಮಾತ್ರ ಬೇರೆ’ ಎಂದು ನಕ್ಕುಬಿಡುತ್ತಾನೆ. ಎರಡರಿಂದ ಸುಮಾರು ಏಳು ವರ್ಷದವರೆಗಿನ ಆಲೋಚನೆ ಒಂದು ಬಗೆಯದು, ಏಳರಿಂದ ಹನ್ನೊಂದರವರೆಗಿನದು ಇನ್ನೊಂದು ಬಗೆಯದು, ಅಲ್ಲಿಂದ ಮುಂದಿನದು ಮತ್ತೊಂದು ಬಗೆಯದು ಎಂಬುದು ಪಿಯಾಜೆಯ ಮತ. ಈ ಗಡಿಗಳು ಅಷ್ಟು ಖಚಿತವಲ್ಲವೆಂದು ಮುಂದಿನ ಪಂಡಿತರು ತಿದ್ದುಪಡಿ ಹೇಳಿದ್ದಾರೆ. ಆದರೂ ಒಂದೇ ಚಿತ್ರವನ್ನು ಎರಡು ವಯಸ್ಸಿನವರು ಎರಡು ರೀತಿಯಲ್ಲಿ ನೋಡುತ್ತಾರೆಂಬ ಮೂಲ ಮಾತನ್ನು ಯಾರೂ ಅಲ್ಲಗಳೆದಿಲ್ಲ.

ಟೆಲಿವಿಷನ್ನಿನ ಮಟ್ಟಿಗೆ ಇದರ ಪರಿಣಾಮವನ್ನು ಪುನರಾವೃತ್ತಿಯಲ್ಲಿ ನೋಡಬಹುದು. ಅಮೆರಿಕದಲ್ಲಿ 1996ರಲ್ಲಿ ಆರಂಭವಾದ ‘ಬ್ಲೂಸ್ ಕ್ಲೂಸ್’ ಎಂಬ ಕಿರಿಯ ಮಕ್ಕಳ ಕಾರ್ಯಕ್ರಮದಲ್ಲಿ ಒಂದೇ ಕಂತನ್ನು ವಾರದ ಐದು ದಿನವೂ ತೋರಿಸುತ್ತಿದ್ದರು. ಮಕ್ಕಳು ಬೇಸರಗೊಳ್ಳುವುದಕ್ಕೆ ಬದಲಾಗಿ ದಿನದಿನಕ್ಕೆ ಹೆಚ್ಚು ಉತ್ಸಾಹದಿಂದ ಉತ್ತರ ಕೂಗುತ್ತಿದ್ದುದನ್ನು ಸಂಶೋಧಕರು ಕಂಡರು. ಅಜ್ಜಿ ಹೇಳಿದ ಕತೆಯನ್ನೇ ಮತ್ತೆ ಹೇಳೆಂದು ಪೀಡಿಸುವ ಮಗುವನ್ನು ಕಂಡ ನಮಗೆ ಇದೇನೂ ಹೊಸದಲ್ಲ. ಆದರೆ ಹತ್ತು ವರ್ಷದ ಹುಡುಗಿಯ ಮುಂದೆ ಇದೇ ಕ್ರಮವನ್ನು ಇಟ್ಟರೆ ಎರಡನೆಯ ದಿನವೇ ಎದ್ದುಹೋಗುತ್ತಾಳೆ. ಇನ್ನು ತೀರ ಎಳೆಯ ಕೂಸುಗಳ ವಿಷಯಕ್ಕೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯನ್ನು ನೆನೆಯಬೇಕು: ಒಂದು ವರ್ಷದೊಳಗಿನ ಕೂಸಿಗೆ ಪರದೆಯ ನೋಟವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಅದಕ್ಕೂ ಕಡಿಮೆಯಾದರೆ ಒಳ್ಳೆಯದು. ಹಾಗಾದರೆ ಕಿರಿಯರಿಗಾಗಿ ದಿನವಿಡೀ ನಡೆಯುವ ವಾಹಿನಿ ಏಕೆ ಎಂದು ಯಾರಾದರೂ ಕೇಳಬಹುದು. ಅಂಗಡಿ ದಿನವೆಲ್ಲ ತೆರೆದಿರುತ್ತದೆಂದು ನಾವು ದಿನವೆಲ್ಲ ಅಲ್ಲಿ ಕೂರುವುದಿಲ್ಲವಷ್ಟೆ. ಮಗುವಿಗೆ ಬಿಡುವಾದ ಒಂದು ಗಂಟೆ ಯಾವುದಾದರೂ ಇರಲಿ, ಆ ಗಂಟೆಯಲ್ಲಿ ಅದಕ್ಕೆ ತಕ್ಕದ್ದು ಸಿಗಬೇಕೆಂಬುದೇ ಅಲ್ಲಿಯ ನ್ಯಾಯ.

ಈಗ ಚರಿತ್ರೆಯ ಕಡೆಗೆ ಹೊರಳೋಣ. ಈ ಪ್ರಯೋಗವನ್ನು ಬಹುಕಾಲ ನಡೆಸಿ ನೋಡಿದ ದೇಶ ಬ್ರಿಟನ್. ಮೊದಮೊದಲು ಅಲ್ಲಿ ವಯಸ್ಸುಗಳನ್ನು ಬೇರೆ ಮಾಡಿದ್ದು ಗಡಿಯಾರ. 1953ರಿಂದ ‘ವಾಚ್ ವಿತ್ ಮದರ್’ ಎಂಬ ಹೆಸರಿನಲ್ಲಿ ಎಳೆಯರಿಗಾಗಿ ಕಾರ್ಯಕ್ರಮಗಳು ಬರುತ್ತಿದ್ದವು; ತಾಯಿ ಜೊತೆಗೆ ಕುಳಿತಿರಬೇಕೆಂಬ ಅಪೇಕ್ಷೆ ಹೆಸರಿನಲ್ಲಿಯೇ ಇದೆ. ಸಂಜೆ 6ರಿಂದ 7 ಗಂಟೆಯವರೆಗೆ ಪ್ರಸಾರವನ್ನೇ ನಿಲ್ಲಿಸಿ, ತಂದೆತಾಯಿಗಳು ಮಕ್ಕಳನ್ನು ಮಲಗಿಸಲು ಅವಕಾಶ ಕೊಡುವ ವಿಚಿತ್ರ ಪದ್ಧತಿಯೂ 1957ರ ಫೆಬ್ರವರಿಯವರೆಗೆ ಇತ್ತು. ಶಾಲೆಯ ಮಕ್ಕಳಿಗಾಗಿ 1958ರಲ್ಲಿ ‘ಬ್ಲೂ ಪೀಟರ್’ ಬಂದಿತು. 1972ರಲ್ಲಿ ಮಕ್ಕಳಿಗೆಂದೇ ಮೀಸಲಾದ ವಾರ್ತಾ ಕಾರ್ಯಕ್ರಮ ‘ನ್ಯೂಸ್‌ರೌಂಡ್’ ಬಂದಿತು. ಇವೆಲ್ಲ ದೊಡ್ಡವರ ವಾಹಿನಿಯಲ್ಲಿಯೇ ಮಧ್ಯಾಹ್ನದ ಕೆಲವು ಗಂಟೆಗಳನ್ನು ಗೇಣಿಗೆ ಪಡೆದಂತೆ ನಡೆಯುತ್ತಿದ್ದವು. ಕ್ರಿಕೆಟ್ಟೋ ಟೆನ್ನಿಸ್ಸೋ ಬಂದರೆ ಮಕ್ಕಳೇ ಜಾಗ ಬಿಡಬೇಕು. ಗೇಣಿದಾರನ ಪಾಡು ಎಲ್ಲ ಕಡೆಯೂ ಒಂದೇ.

2002ರ ಫೆಬ್ರವರಿ 11ರಂದು ಬಿ.ಬಿ.ಸಿ. ಎರಡು ವಾಹಿನಿಗಳನ್ನು ಒಟ್ಟಿಗೆ ಆರಂಭಿಸಿತು. ಆರು ವರ್ಷದೊಳಗಿನವರಿಗೆ ‘ಸಿಬೀಬೀಸ್’; ಆರರಿಂದ ಹನ್ನೆರಡರವರಿಗೆ ‘ಸಿ.ಬಿ.ಬಿ.ಸಿ.’ ಗೇಣಿ ಹೋಗಿ ಸ್ವಂತ ಭೂಮಿ ಬಂದಂತಾಯಿತು. ಇದರಿಂದಾದ ಪ್ರಯೋಜನಗಳನ್ನು ಮೂರಾಗಿ ಹೇಳಬಹುದು. ಮೊದಲನೆಯದು ನಿರ್ಭಯ. ಕಿರಿಯರ ವಾಹಿನಿಯನ್ನು ಹಾಕಿ ತಾಯಿ ಅಡಿಗೆಮನೆಗೆ ಹೋದರೆ, ಮುಂದಿನ ಅರ್ಧ ಗಂಟೆಯಲ್ಲಿ ಮಗುವನ್ನು ಬೆಚ್ಚಿಸುವ ದೃಶ್ಯ ಬಾರದೆಂಬ ಭರವಸೆ ಅವಳಿಗಿದೆ. ಜಾಹೀರಾತೂ ಇಲ್ಲ. ಎರಡನೆಯದು ದಿನಚರಿ. ಸಿಬೀಬೀಸ್ ಬೆಳಗ್ಗೆ 6ಕ್ಕೆ ತೆರೆದು ಸಂಜೆ 7ಕ್ಕೆ ಮುಚ್ಚುತ್ತದೆ. ಮುಚ್ಚುವ ಮುನ್ನ ಒಬ್ಬರು ಕುಳಿತು ಮಲಗುವ ಹೊತ್ತಿನ ಕತೆ ಓದುತ್ತಾರೆ. 1957ರಲ್ಲಿ ಕೈಬಿಟ್ಟ ಆ ಹಳೆಯ ಪದ್ಧತಿಯ ಒಳ್ಳೆಯ ಅಂಶವೇ ಹೀಗೆ ಬೇರೆ ರೂಪದಲ್ಲಿ ಮರಳಿ ಬಂದಿತು. ಮೂರನೆಯದು ಮಾನ. ಎಂಟು ವರ್ಷದ ಹುಡುಗನಿಗೆ ತಾನು ಚಿಕ್ಕವನಲ್ಲವೆಂಬುದೇ ದೊಡ್ಡ ಹೆಮ್ಮೆ. ತೊದಲು ಮಾತಿನ ಬೊಂಬೆಗಳು ಕುಣಿಯುವ ಕಡೆ ಅವನು ಕಾಲಿಡಲಾರ. ಅವನಿಗೆ ಬೇರೆ ಬಾಗಿಲು ತೆರೆದರೆ ಮಾತ್ರ ಒಳಗೆ ಬರುತ್ತಾನೆ.

ಇಷ್ಟನ್ನು ಕೇಳಿದವರಿಗೆ ವಿಷಯ ಮುಗಿಯಿತೆನಿಸಬಹುದು. ಆದರೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ನನ್ನ ಅಕ್ಕನ ಮಕ್ಕಳಿಬ್ಬರು ರಜೆಗೆಂದು ನಮ್ಮ ಮನೆಗೆ ಬರುತ್ತಾರೆ. ಹುಡುಗಿಗೆ ನಾಲ್ಕು, ಹುಡುಗನಿಗೆ ಹತ್ತು. ಮನೆಯಲ್ಲಿರುವುದು ಒಂದೇ ಟೆಲಿವಿಷನ್. ಎರಡು ವಾಹಿನಿ ಇದ್ದರೆ ಜಗಳವೂ ಎರಡರಷ್ಟು. ಒಂದೇ ಕಾರ್ಯಕ್ರಮವಿದ್ದಾಗ ಅಣ್ಣ ತಂಗಿಗೆ ಅರ್ಥ ಹೇಳುತ್ತಾನೆ. ಅವಳು ಹೆದರಿದರೆ ಅವನು ಧೈರ್ಯ ಹೇಳುತ್ತಾನೆ. ಹೇಳಿಕೊಡುವಾಗ ಅವನೂ ಕಲಿಯುತ್ತಾನೆ. 1969ರ ನವೆಂಬರಿನಲ್ಲಿ ಅಮೆರಿಕದಲ್ಲಿ ಆರಂಭವಾದ ‘ಸೆಸಮೆ ಸ್ಟ್ರೀಟ್’ ಮೂರರಿಂದ ಐದು ವರ್ಷದವರಿಗೆಂದು ಹುಟ್ಟಿದ್ದರೂ, ದೊಡ್ಡವರೂ ನಕ್ಕು ಜೊತೆಗೆ ಕೂರಲೆಂದು ಅದರಲ್ಲಿ ಬೇಕೆಂದೇ ಹಾಸ್ಯವನ್ನು ಬೆರೆಸಿದ್ದರು. ಕೂಡಿ ನೋಡುವುದರ ಬೆಲೆಯನ್ನು ಅವರು ಅರಿತಿದ್ದರು. ವಯಸ್ಸಿಗೊಂದು ಕೋಣೆ ಕಟ್ಟಿದರೆ ಪಡಸಾಲೆ ಬರಿದಾಗುತ್ತದೆ.

ಎರಡನೆಯ ಆಕ್ಷೇಪಣೆ ಇನ್ನೂ ಗಂಭೀರವಾದುದು. ಮಕ್ಕಳಿಗೆ ಸ್ವಂತ ಮನೆ ಕಟ್ಟಿಕೊಟ್ಟ ಮೇಲೆ ದೊಡ್ಡ ಮನೆಯಲ್ಲಿ ಅವರ ಪಾಲು ಉಳಿಯುವುದಿಲ್ಲ. 2012ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಹಳೆಯ ರೀತಿಯ ಪ್ರಸಾರ ಪೂರ್ಣವಾಗಿ ನಿಂತು ಡಿಜಿಟಲ್ ಪದ್ಧತಿ ಬಂದಿತು. ಎಲ್ಲ ಮನೆಗೂ ಮಕ್ಕಳ ವಾಹಿನಿಗಳು ಸಿಗುವಂತಾದವು. ಆ ವರ್ಷದ ಡಿಸೆಂಬರಿನಲ್ಲಿಯೇ ಬಿ.ಬಿ.ಸಿ.ಯ ಮೊದಲನೆಯ ವಾಹಿನಿಯಿಂದ ಮಧ್ಯಾಹ್ನದ ಮಕ್ಕಳ ಕಾರ್ಯಕ್ರಮಗಳನ್ನು ತೆಗೆದುಬಿಟ್ಟರು. 2013ರ ಜನವರಿಯಲ್ಲಿ ಎರಡನೆಯ ವಾಹಿನಿಯ ಬೆಳಗಿನ ಕಾರ್ಯಕ್ರಮಗಳೂ ಹೋದವು. ದಶಕಗಳಿಂದ ದೊಡ್ಡವರ ನಡುಮನೆಯಲ್ಲಿ ಕುಳಿತಿದ್ದ ಮಕ್ಕಳು ಅಲ್ಲಿಂದ ಎದ್ದರು. ಅವರಿಗೆ ಬೇರೆ ಮನೆ ಇತ್ತು, ನಿಜ. ಆದರೆ ಆ ಬೇರೆ ಮನೆಗೆ ಒಂದು ದಿನ ಕೇಡು ಬಂದರೆ ಮರಳಿ ಹೋಗಲು ಹಳೆಯ ಸ್ಥಳವಿಲ್ಲ.

ಮೂರನೆಯದು ಹಣದ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಎಲ್ಲ ದೇಶಗಳೂ ಬ್ರಿಟನ್ನಿನ ದಾರಿ ಹಿಡಿಯಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಜರ್ಮನಿಯ ಎರಡು ಸಾರ್ವಜನಿಕ ಸಂಸ್ಥೆಗಳು ಸೇರಿ 1997ರ ಜನವರಿ 1ರಂದು ಎರ್ಫುರ್ಟ್ ನಗರದಿಂದ ಮಕ್ಕಳ ವಾಹಿನಿಯೊಂದನ್ನು ಆರಂಭಿಸಿದವು. ಈಗ ಅದರ ಹೆಸರು ‘ಕಿಕಾ’. ಮೂರರಿಂದ ಹದಿಮೂರು ವರ್ಷದವರಿಗೆಲ್ಲ ಅದೊಂದೇ. ಅಲ್ಲಿ ಗೋಡೆಯ ಕೆಲಸವನ್ನು ಗಡಿಯಾರವೇ ಮಾಡುತ್ತದೆ. ಸಂಜೆ 6 ಗಂಟೆ 50 ನಿಮಿಷಕ್ಕೆ ‘ಸಾಂಡ್‌ಮೆನ್ಶೆನ್’ ಎಂಬ ಮರಳಪ್ಪನ ಬೊಂಬೆ ಬಂದು ಕಿರಿಯರ ಕಣ್ಣಿಗೆ ನಿದ್ದೆಯ ಮರಳನ್ನು ಎರಚಿ ಮಲಗಿಸುತ್ತದೆ. ಪೂರ್ವ ಜರ್ಮನಿಯಲ್ಲಿ 1959ರಲ್ಲಿ ಹುಟ್ಟಿದ ಈ ಬೊಂಬೆ, ಆ ರಾಜ್ಯವೇ ಅಳಿದ ಮೇಲೆಯೂ ಉಳಿದಿದೆ. ಮರಳಪ್ಪ ಹೋದ ಮೇಲಿನ ಹೊತ್ತು ದೊಡ್ಡ ಮಕ್ಕಳದು. ‘ಲೋಗೊ’ ಎಂಬ ಮಕ್ಕಳ ವಾರ್ತೆ ಆಗ ಬರುತ್ತದೆ. ನಾರ್ವೆಯೂ 2007ರ ಡಿಸೆಂಬರಿನಲ್ಲಿ ಎಲ್ಲ ಮಕ್ಕಳಿಗೂ ಸೇರಿ ಒಂದೇ ವಾಹಿನಿಯನ್ನು ತೆರೆಯಿತು. ಹಾಲೆಂಡಿನಲ್ಲಿ ಎಳೆಯರಿಗೆ ‘ಜ್ಯಾಪೆಲಿನ್’, ಬೆಳೆದವರಿಗೆ ‘ಜ್ಯಾಪ್’ ಎಂದು ಹೆಸರನ್ನು ಮಾತ್ರ ಬೇರೆ ಮಾಡಿ, ಒಂದೇ ವಾಹಿನಿಯ ಹಗಲಿನ ಹೊತ್ತನ್ನು ಹಂಚಿದರು. ಆದ್ದರಿಂದ ವಯಸ್ಸುಗಳನ್ನು ಬೇರ್ಪಡಿಸುವುದಕ್ಕೆ ವಾಹಿನಿಯೊಂದೇ ಉಪಾಯವಲ್ಲ. ಹೊತ್ತೂ ಒಂದು ಉಪಾಯ, ಹೆಸರೂ ಒಂದು ಉಪಾಯ.

ಇಲ್ಲಿಯವರೆಗೆ ಎರಡು ಪಕ್ಷಗಳೂ ಸಮಬಲವಾಗಿ ತೋರುತ್ತವೆ. ಆದರೆ ಈಚಿನ ವರ್ಷಗಳಲ್ಲಿ ನಡೆದ ಒಂದು ಸಂಗತಿ ತಕ್ಕಡಿಯನ್ನು ಒಂದು ಕಡೆಗೆ ಎಳೆಯುತ್ತದೆ. ಡೆನ್ಮಾರ್ಕಿನ ಜನಸಂಖ್ಯೆ ಸುಮಾರು 60 ಲಕ್ಷ. ನಮ್ಮ ಬೆಂಗಳೂರಿಗಿಂತ ಕಡಿಮೆ. ಆದರೂ ಅಲ್ಲಿಯ ಸಾರ್ವಜನಿಕ ಸಂಸ್ಥೆ 2009ರಲ್ಲಿ ‘ರಾಮಾಶಾಂಗ್’ ಎಂಬ ಮಕ್ಕಳ ವಾಹಿನಿಯನ್ನೂ, 2013ರಲ್ಲಿ ಏಳರಿಂದ ಹನ್ನೆರಡರವರಿಗಾಗಿ ‘ಅಲ್ಟ್ರಾ’ ಎಂಬುದನ್ನೂ ತೆರೆಯಿತು. 2018ರಲ್ಲಿ ಸರಕಾರ ಆ ಸಂಸ್ಥೆಯ ಅನುದಾನವನ್ನು ಶೇಕಡ 20ರಷ್ಟು ಕಡಿತ ಮಾಡಲು ನಿಶ್ಚಯಿಸಿತು. ಪರಿಣಾಮವಾಗಿ 2020ರ ಜನವರಿಯಲ್ಲಿ ಅಲ್ಟ್ರಾ ವಾಹಿನಿಯಾಗಿ ಮುಚ್ಚಿ ಅಂತರ್ಜಾಲಕ್ಕೆ ಹೋಯಿತು. ಕಿರಿಯರ ರಾಮಾಶಾಂಗ್ ಉಳಿಯಿತು. ಬ್ರಿಟನ್ನಿನಲ್ಲಿ 2022ರ ಮೇ ತಿಂಗಳಿನಲ್ಲಿ ಬಿ.ಬಿ.ಸಿ. ಮುಂದಿನ ವರ್ಷಗಳಲ್ಲಿ ಸಿ.ಬಿ.ಬಿ.ಸಿ.ಯನ್ನು ವಾಹಿನಿಯಾಗಿ ನಿಲ್ಲಿಸಿ ಅಂತರ್ಜಾಲಕ್ಕೆ ಒಯ್ಯುವುದಾಗಿ ಸಾರಿತು. ಕಿರಿಯರ ಸಿಬೀಬೀಸ್ ಆ ಪಟ್ಟಿಯಲ್ಲಿರಲಿಲ್ಲ. ಆಸ್ಟ್ರೇಲಿಯದಲ್ಲಿ ಶಾಲೆಯ ವಯಸ್ಸಿನ ಮಕ್ಕಳಿಗಾಗಿ 2009ರಲ್ಲಿ ಹುಟ್ಟಿದ ‘ಎ.ಬಿ.ಸಿ. 3’ ಮುಂದೆ ‘ಎ.ಬಿ.ಸಿ. ಮಿ’ ಆಗಿ, 2024ರಲ್ಲಿ ಇಡೀ ಕುಟುಂಬದ ವಾಹಿನಿಯಾಗಿ ಮಾರ್ಪಟ್ಟಿತು. ಕಿರಿಯರದು ಅಲ್ಲಿಯೂ ಉಳಿಯಿತು.

ಮೂರು ಖಂಡಾಂತರದ ದೇಶಗಳಲ್ಲ, ಎರಡೇ ಖಂಡಗಳ ಮೂರು ದೇಶಗಳು; ಆದರೂ ಮೂರು ಕಡೆಯೂ ಕತ್ತರಿ ಬಿದ್ದದ್ದು ಹತ್ತು ವರ್ಷದವನ ಮೇಲೆ. ಇದೇಕೆ? ನನಗೆ ತೋರುವ ಕಾರಣ ಹೀಗಿದೆ. ನಾಲ್ಕು ವರ್ಷದ ಮಗುವಿನ ಪರವಾಗಿ ವಾದಿಸಲು ತಾಯಿತಂದೆಗಳಿದ್ದಾರೆ; ಅವರೇ ಮತದಾರರು, ಅವರೇ ಶುಲ್ಕ ಕೊಡುವವರು. ಹತ್ತು ವರ್ಷದವನು ತನಗೆ ಬೇಕಾದುದನ್ನು ತಾನೇ ಹುಡುಕಿಕೊಂಡು ಅಂತರ್ಜಾಲಕ್ಕೆ ಹೋಗಿಬಿಟ್ಟಿದ್ದಾನೆ. ಆದ್ದರಿಂದ ನಾವೂ ಅಲ್ಲಿಗೇ ಹೋಗುತ್ತೇವೆ ಎಂಬುದು ಸಂಸ್ಥೆಗಳ ಸಮಾಧಾನ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಅಂತರ್ಜಾಲ ಎಂಬುದು ಕಾಂಪೌಂಡು ಹಾಕಿದ ಉದ್ಯಾನವಲ್ಲ, ಅದು ಜಾತ್ರೆ. ಜಾತ್ರೆಯಲ್ಲಿ ಸಾರ್ವಜನಿಕ ಸಂಸ್ಥೆಯದು ಒಂದು ಮೂಲೆಯ ಅಂಗಡಿ. ಸುತ್ತಲೂ ಕೂಗಿ ಕರೆಯುವವರು, ಹುಡುಗನ ಕಣ್ಣು ಎಲ್ಲಿ ಎಷ್ಟು ಹೊತ್ತು ನಿಂತಿತೆಂದು ಲೆಕ್ಕವಿಟ್ಟು ಮುಂದಿನ ಸರಕನ್ನು ಒಡ್ಡುವವರು. ವಾಹಿನಿಯಲ್ಲಿ ಒಂದು ಕಾರ್ಯಕ್ರಮ ಮುಗಿದಾಗ ಇನ್ನೊಂದು, ತಾನು ಹುಡುಕದೆ ಇದ್ದದ್ದು, ಎದುರಿಗೆ ಬರುತ್ತದೆ; ಆಟ ನೋಡಲು ಕುಳಿತ ಹುಡುಗ ವಾರ್ತೆಯನ್ನೂ ಕೇಳಿಬಿಡುತ್ತಾನೆ. ಹುಡುಕಿದ್ದನ್ನಷ್ಟೇ ಕೊಡುವ ಕಡೆ ಈ ಆಕಸ್ಮಿಕ ಲಾಭವಿಲ್ಲ.

ಅದೂ ಎಂಥ ವಯಸ್ಸು! ಎಂಟರಿಂದ ಹನ್ನೆರಡು ಎಂದರೆ ಪ್ರಶ್ನೆಗಳು ಮನೆಯ ಹೊಸ್ತಿಲನ್ನು ದಾಟುವ ವಯಸ್ಸು. ಯುದ್ಧ ಏಕೆ, ಬಡತನ ಏಕೆ, ಸತ್ತವರು ಎಲ್ಲಿ ಹೋದರು, ನ್ಯಾಯವೆಂದರೇನು ಎಂದು ಮಗು ಮೊದಲ ಬಾರಿಗೆ ಕೇಳುವುದು ಆಗ. ಬ್ರಿಟನ್ನಿನಲ್ಲಿ 1972ರಲ್ಲಿ, ಹಾಲೆಂಡಿನಲ್ಲಿ 1981ರಲ್ಲಿ, ಜರ್ಮನಿಯಲ್ಲಿ 1989ರಲ್ಲಿ ಮಕ್ಕಳ ವಾರ್ತೆಗಳು ಆರಂಭವಾದದ್ದು ಈ ವಯಸ್ಸಿಗಾಗಿಯೇ. ಭಯಂಕರವಾದ ಸುದ್ದಿಯನ್ನೂ ಭಯಪಡಿಸದೆ, ಸುಳ್ಳು ಹೇಳದೆ ತಿಳಿಸುವುದು ಬಹು ಕಷ್ಟದ ವಿದ್ಯೆ. ಖಾಸಗಿಯವರಿಗೆ ಅದರಲ್ಲಿ ಲಾಭವಿಲ್ಲ. ಬ್ರಿಟನ್ನಿನ ಅನುಭವವೇ ಇದಕ್ಕೆ ಸಾಕ್ಷಿ: 2003ರ ಕಾನೂನು ಖಾಸಗಿ ವಾಹಿನಿಗಳ ಮೇಲಿದ್ದ ಮಕ್ಕಳ ಕಾರ್ಯಕ್ರಮಗಳ ಕಟ್ಟುಪಾಡನ್ನು ಸಡಿಲಿಸಿತು, ಮಕ್ಕಳ ಆರೋಗ್ಯಕ್ಕಾಗಿ ಕುರುಕಲು ತಿಂಡಿಗಳ ಜಾಹೀರಾತನ್ನು ಮಕ್ಕಳ ಕಾರ್ಯಕ್ರಮಗಳ ನಡುವೆ ನಿಷೇಧಿಸಲು 2006ರಲ್ಲಿ ನಿರ್ಧಾರವಾಯಿತು. ನಿಷೇಧ ಒಳ್ಳೆಯದೇ. ಆದರೆ ಆದಾಯ ಹೋದೊಡನೆ ಖಾಸಗಿಯವರು ಹೊಸ ಮಕ್ಕಳ ಕಾರ್ಯಕ್ರಮಗಳಿಂದ ಹಿಂದೆ ಸರಿದರು, ಹೊರೆಯೆಲ್ಲ ಬಿ.ಬಿ.ಸಿ.ಯ ಮೇಲೆ ಬಿದ್ದಿತು.

ನಮ್ಮ ನಾಡಿಗೂ ಈ ಪ್ರಶ್ನೆಯೊಡನೆ ಹಳೆಯ ನಂಟಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಒಂದು ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಪಾಠಗಳನ್ನು ಮುಟ್ಟಿಸಿದ ‘ಸೈಟ್’ ಪ್ರಯೋಗದಲ್ಲಿ ಕರ್ನಾಟಕವೂ ಇತ್ತು. ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಬೆಳಗಿನ ಹೊತ್ತು ಶಾಲಾಮಕ್ಕಳಿಗೆ ಕನ್ನಡದಲ್ಲಿ ಕಾರ್ಯಕ್ರಮ ಬರುತ್ತಿತ್ತು. ಅದು ಐದರಿಂದ ಹನ್ನೆರಡು ವರ್ಷದವರೆಲ್ಲರಿಗೂ ಒಂದೇ. ಒಂದೇ ಕೋಣೆಯ ಶಾಲೆಯಲ್ಲಿ ಎಲ್ಲ ತರಗತಿಗಳೂ ಕೂಡಿ ಕೂರುತ್ತಿದ್ದ ಆ ಕಾಲಕ್ಕೆ ಬೇರೆ ದಾರಿಯಿರಲಿಲ್ಲ. ಅದಾಗಿ 45 ವರ್ಷಗಳ ಮೇಲೆ, ಶಾಲೆಗಳು ಮುಚ್ಚಿದ್ದ 2020ರಲ್ಲಿ, ಕೇಂದ್ರ ಸರಕಾರ ‘ಪಿ.ಎಂ. ಇ-ವಿದ್ಯಾ’ ಯೋಜನೆಯಲ್ಲಿ ಒಂದರಿಂದ ಹನ್ನೆರಡರವರೆಗೆ ತರಗತಿಗೊಂದು ವಾಹಿನಿಯನ್ನು ಸಾರಿತು. ಒಂದರಿಂದ ಹನ್ನೆರಡಕ್ಕೆ ಹಾರಿದೆವು. ಪಾಠದ ಮಟ್ಟಿಗೆ ಇದು ಯುಕ್ತವಾದ ಏರ್ಪಾಡೇ. ಆದರೆ ತರಗತಿಯಿಂದ ವಿಂಗಡಿಸುವುದು ಬೇರೆ, ವಯಸ್ಸಿನಿಂದ ವಿಂಗಡಿಸುವುದು ಬೇರೆ. ಪಾಠದ ವಾಹಿನಿ ಮಗುವಿನ ಪರೀಕ್ಷೆಯನ್ನು ನೋಡಿಕೊಳ್ಳುತ್ತದೆ. ಅದರ ಕುತೂಹಲ, ನಗು, ಅಂಜಿಕೆಗಳನ್ನು ನೋಡಿಕೊಳ್ಳುವವರು ಯಾರು? ಮೇಲಾಗಿ ಮೂವರು ಮಕ್ಕಳೂ ಒಂದು ಟೆಲಿವಿಷನ್ನೂ ಇರುವ ಮನೆಯಲ್ಲಿ ಹನ್ನೆರಡು ವಾಹಿನಿಗಳಿದ್ದರೂ ಒಂದು ಹೊತ್ತಿಗೆ ತೆರೆಯುವುದು ಒಂದೇ.

ಇಷ್ಟು ವಿಚಾರ ಮಾಡಿದ ಮೇಲೆ ನನ್ನ ಅಭಿಪ್ರಾಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಆರು ವರ್ಷದೊಳಗಿನವರಿಗೆ ಪ್ರತ್ಯೇಕವಾದ, ಗೋಡೆಯುಳ್ಳ ಸ್ಥಳ ಬೇಕೇ ಬೇಕು. ಏಕೆಂದರೆ ಅವರು ತಾವೇ ಆರಿಸಿಕೊಳ್ಳಲಾರರು, ಕಂಡದ್ದನ್ನೆಲ್ಲ ನಂಬುತ್ತಾರೆ. ಆ ಗೋಡೆ ವಾಹಿನಿಯದಾಗಲಿ, ಜರ್ಮನಿಯಂತೆ ಗಡಿಯಾರದ್ದಾಗಲಿ, ಎರಡೂ ಸಮ್ಮತವೇ. ಆರರಿಂದ ಹನ್ನೆರಡರವರಿಗೆ ಗೋಡೆಗಿಂತ ಹೆಚ್ಚಾಗಿ ಬೇಕಾದುದು ವಚನ: ಇಷ್ಟು ಹಣ, ಇಷ್ಟು ಹೊತ್ತು, ಅವರ ನುಡಿಯಲ್ಲಿ ಅವರ ವಾರ್ತೆ, ಅವರ ಕತೆ ನಿಮ್ಮದು, ಯಾವ ಕಡಿತ ಬಂದರೂ ಇದನ್ನು ಮೊದಲು ಕೀಳುವುದಿಲ್ಲ ಎಂಬ ಬರಹದ ವಚನ. ಪ್ರತ್ಯೇಕ ವಾಹಿನಿ ಆ ವಚನಕ್ಕೆ ಒಂದು ಒಳ್ಳೆಯ ಸಾಧನ; ಅದೇ ವಚನವಲ್ಲ. ವಚನವಿಲ್ಲದೆ ವಾಹಿನಿ ತೆರೆದರೆ ಒಂದು ದಿನ ಮುಚ್ಚುವುದೂ ಸುಲಭವೆಂಬುದನ್ನು ಡೆನ್ಮಾರ್ಕ್ ತೋರಿಸಿದೆ. ಕೊನೆಯದಾಗಿ, ಮಕ್ಕಳ ಮನೆ ಬೇರೆಯಾದರೂ ದೊಡ್ಡವರ ಮುಖ್ಯ ವಾಹಿನಿಯಲ್ಲಿ, ವಾರಕ್ಕೊಮ್ಮೆಯಾದರೂ, ಎಲ್ಲ ವಯಸ್ಸಿನವರೂ ಕೂಡಿ ಕುಳಿತು ನೋಡುವ ಒಂದು ಹೊತ್ತು ಉಳಿಯಬೇಕು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಮಕ್ಕಳ ಮಾತು ಬಂದಾಗಲೆಲ್ಲ ನಾವು ಹೇಳುತ್ತೇವೆ. ಆದರೆ ಸಸಿಗೂ ಮರಕ್ಕೂ ನಡುವೆ ಗಿಡವೆಂಬ ಅವಸ್ಥೆ ಒಂದುಂಟು. ಸಸಿಗೆ ಎಲ್ಲರೂ ನೀರೆರೆಯುತ್ತಾರೆ, ಮರದ ಹಣ್ಣಿಗೆ ಎಲ್ಲರೂ ಬರುತ್ತಾರೆ. ದನ ಮೇಯುವುದು ನಡುವಿನ ಗಿಡವನ್ನು. ಬೇಲಿಯ ಖರ್ಚನ್ನು ಉಳಿಸಲು ಹೊರಟವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ.